ಪಂಚಮಿಯ ಸೀರೆಯೂ ಗಾಡಿಯ ಬ್ರೇಕೂ

ಒಂದು ಎಮ್ಮೆಯನ್ನು ಕೊಳ್ಳುವಾಗ ಅದರ ಹಲ್ಲು, ಸುಳಿ, ಕೆಚ್ಚಲುಗಳನ್ನು ಹತ್ತು ಜನರು ಕೂಡಿ ಪರೀಕ್ಷಿಸುವ ನಮ್ಮ ಕಡೆಯ ಗೃಹಸ್ಥರು, ಮೋಟಾರು ಗಾಡಿಯನ್ನು ಕೊಳ್ಳುವಾಗ ಮಾತ್ರ ಅದು ಎಷ್ಟು ಹೊರೆ ಹೊರುವದು, ಎಷ್ಟು ಬೇಗ ಓಡುವದು ಎಂಬಷ್ಟನ್ನೇ ಕೇಳಿ ತೃಪ್ತರಾಗುತ್ತಾರೆ. ಅದು ಹೇಗೆ ನಿಲ್ಲುವದೆಂದು ಯಾರೂ ಕೇಳುವದಿಲ್ಲ. ನಾನೂ ಕೇಳಿರಲಿಲ್ಲ. ಕೇಳಬೇಕಾದ ಪ್ರಸಂಗವು ಕಳೆದ ವರ್ಷ ಆಷಾಢದ ಕೊನೆಯಲ್ಲಿ ಬಂದಿತು.

ರೋಣದ ಸಮೀಪದ ಹಳ್ಳಿಯಲ್ಲಿ ನಮ್ಮದು ಕೂಡುಕುಟುಂಬ. ತಮ್ಮನ ಮಗನು ಮೂರು ವರ್ಷಗಳ ಹಿಂದೆ ಸಾಲ ತೆಗೆದು ಒಂದು ಪಿಕಪ್ ಗಾಡಿಯನ್ನು ಕೊಂಡನು. ಉಳ್ಳಾಗಡ್ಡಿ, ಹೆಸರು, ಕಡಲೆ, ಗೊಬ್ಬರದ ಚೀಲ, ಏನಿದ್ದರೂ ಹೇರುವನು. ಮಳೆಗಾಲ ಹಿಡಿದಂದಿನಿಂದ ಬ್ರೇಕು ತುಳಿದಾಗಲೆಲ್ಲ ಮುಂದಿನ ಗಾಲಿಯು ಕಿರುಗುಟ್ಟುತ್ತಿದ್ದಿತು. “ಮಳಿಗಾಲದಾಗ ಎಲ್ಲಾ ಗಾಡೀನೂ ಹಿಂಗ ಒದರ್ತಾವ, ದೊಡ್ಡಪ್ಪ” ಎಂದು ಹುಡುಗನು ನಕ್ಕನು, ನಾನೂ ನಕ್ಕೆನು. ಪ್ಯಾಡು ಸವೆದು ತೆಳ್ಳಗಾದಾಗ ಡಿಸ್ಕಿಗೆ ತಗಲಿ ಕೂಗಲೆಂದು ಅದಕ್ಕೆ ಸಣ್ಣದೊಂದು ಉಕ್ಕಿನ ನಾಲಗೆಯನ್ನು ಜೋಡಿಸಿರುವರೆಂದೂ, ಆ ಕೂಗನ್ನೇ ನಾವು ನಕ್ಕು ಕಳೆದೆವೆಂದೂ ತಿಳಿದದ್ದು ಆಮೇಲೆ.

ಒಂದು ದಿನ ಸಂಜೆ ಗಜೇಂದ್ರಗಡದಿಂದ ಗೊಬ್ಬರವನ್ನು ಹೇರಿಕೊಂಡು ಹೊರಟಿದ್ದೆವು. ಗುಡ್ಡದ ಮಗ್ಗುಲಿನ ಇಳಿಜಾರಿನಲ್ಲಿ ಕುರಿಯ ಹಿಂಡೊಂದು ಅಡ್ಡ ಬಂದಿತು. ಅದರ ಹಿಂದೆ ಹತ್ತು ಹನ್ನೆರಡು ವರ್ಷದ ಬಾಲಕ. ಹುಡುಗನು ಬ್ರೇಕನ್ನು ತುಳಿದನು; ಗಾಡಿಯು ನಿಲ್ಲಲಿಲ್ಲ; ಇನ್ನೂ ಬಲವಾಗಿ ತುಳಿದನು; ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕರ್ಕಶ ಧ್ವನಿಯೊಡನೆ ಬಲಕ್ಕೆ ಎಳೆಯುತ್ತ ಗಾಡಿಯು ಕಡೆಗೆ ನಿಂತಿತು. ಬಾಲಕನಿಗೂ ಗಾಡಿಯ ಮೂತಿಗೂ ನಡುವೆ ಒಂದು ಮೊಳದ ಅಂತರವಿದ್ದಿತು. ಅವನು ನಮ್ಮನ್ನು ಬಯ್ಯಲಿಲ್ಲ, ತಿರುಗಿ ನೋಡಲೂ ಇಲ್ಲ; ಬಡಿಗೆಯನ್ನೆತ್ತಿ ಕುರಿಗಳನ್ನು ಹೊಡೆದುಕೊಂಡು ಹೋದನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ರೋಣದ ಮೇಸ್ತ್ರಿಯವರು ಗಾಲಿಯನ್ನು ಬಿಚ್ಚಿ ತೋರಿಸಿದರು. ಗಾಲಿಯ ಸಂಗಡ ತಿರುಗುವ ಬೀಡುಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳೇ ಪ್ಯಾಡುಗಳು. ಹೊರಗಿನ ಪ್ಯಾಡಿನಲ್ಲಿ ಇನ್ನೂ ಜೀವವಿದ್ದಿತು. ಒಳಗಿನದು ತಳದ ಉಕ್ಕಿನವರೆಗೆ ಸವೆದು ಡಿಸ್ಕಿನ ಮೇಲೆ ನೇಗಿಲ ಸಾಲಿನಂತಹ ಗೆರೆಗಳನ್ನು ಕೊರೆದಿದ್ದಿತು. ಇದಕ್ಕೆ ಕಾರಣ ನಮ್ಮ ಎರೆಮಣ್ಣು. ರೋಣ-ನರಗುಂದಗಳ ಎರೆಹೊಲಗಳಲ್ಲಿ ಮಳೆಯ ದಿನ ಓಡಾಡಿದ ಗಾಡಿಗೆ ಅಂಟುವ ಕೆಸರು ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಪ್ಯಾಡುಗಳ ಹಿಡಿಕೆಯು ಜಾರಬೇಕಾದ ಗೂಟಗಳಲ್ಲಿ ಆ ಕೆಸರು ಒಣಗಿ ಹಿಡಿಕೆಯು ಬಿಗಿದುಕೊಂಡಿದ್ದಿತು. ಒಂದೇ ಪ್ಯಾಡು ಎಲ್ಲ ಭಾರವನ್ನೂ ಹೊತ್ತಿದ್ದಿತು. ಗೂಟಗಳನ್ನು ತೊಳೆದು ತಕ್ಕ ಗ್ರೀಸು ಹಚ್ಚದೆ ಎಂಥ ಉತ್ತಮ ಪ್ಯಾಡನ್ನು ಹಾಕಿದರೂ ಅದಕ್ಕೆ ಇದೇ ಗತಿಯೆಂದು ಮೇಸ್ತ್ರಿಯವರು ಹೇಳಿದರು.

ನಮ್ಮ ಅಜ್ಜನ ಚಕ್ಕಡಿಯ ಗಾಲಿಗೆ ಇಳಿಜಾರಿನಲ್ಲಿ ಕಟ್ಟಿಗೆಯ ತುಂಡನ್ನು ಅದುಮಿ ಹಿಡಿಯುತ್ತಿದ್ದುದು ನನಗೆ ಆಗ ನೆನಪಾಯಿತು. ಇಂಗ್ಲೆಂಡದ ಡರ್ಬಿಶೈರಿನ ಗುಡ್ಡಗಾಡಿನಲ್ಲಿಯೂ ಬಂಡಿಯವರು ಹಳೆಯ ಬೂಟನ್ನು ಗಾಲಿಗೆ ಒತ್ತುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬವರು ೧೮೯೭ರಲ್ಲಿ ಬ್ರೇಕಿನ ತುಂಡುಗಳನ್ನು ತಯಾರಿಸುವ ಉದ್ಯಮವನ್ನು ಆರಂಭಿಸಿದರೆಂದು ಹೇಳುವರು. ಮುಂದೆ ಬಹುಕಾಲ ಇಂಥ ತುಂಡುಗಳಿಗೆ ಕಲ್ನಾರನ್ನು ಬಳಸಿದರು. ಅದರ ಧೂಳು ಪುಪ್ಪುಸಕ್ಕೆ ಘಾತಕವೆಂದು ತಿಳಿದ ಮೇಲೆ ಕಲ್ನಾರಿಲ್ಲದ ಪ್ಯಾಡುಗಳು ಬಂದವು. ಏನಿದ್ದರೂ ಬ್ರೇಕಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸುವದೇ ಲೇಸು.

ಬ್ರೇಕಿನ ಕೆಲಸವೆಂದರೆ ಓಟವನ್ನು ಶಾಖವನ್ನಾಗಿ ಮಾಡುವದು. ಹೇರಿದ ಗಾಡಿಯ ತೂಕವು ೩ ಟನ್ನೆಂದು ಹಿಡಿಯೋಣ. ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಅದನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖವು ಒಂದೂಕಾಲು ಲೀಟರು ತಣ್ಣೀರನ್ನು ಕುದಿಸಲು ಸಾಕು. ಒಲೆಯ ಮೇಲೆ ಅಷ್ಟು ನೀರು ಕುದಿಯಲು ಎಷ್ಟು ಹೊತ್ತು ಬೇಕೆಂಬುದನ್ನು ಗೃಹಿಣಿಯರು ಬಲ್ಲರು. ಇಲ್ಲಿ ಅದೆಲ್ಲವೂ ಕೆಲವೇ ಕ್ಷಣಗಳ ಮಾತು. ವೇಗವು ಅರ್ಧವಾದರೆ ಶಾಖವು ಕಾಲುಭಾಗಕ್ಕೆ ಇಳಿಯುವದು. ಆದರೆ ೧೦೦ ಮೀಟರು ಎತ್ತರವನ್ನು ಬರಿಯ ಬ್ರೇಕಿನ ಬಲದಿಂದಲೇ ಇಳಿದರೆ ಶಾಖವು ಅದರ ಏಳುಪಟ್ಟಾಗುವದು. ಗುಡ್ಡ ಇಳಿಯುವಾಗ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯಬೇಕೆಂಬ ಹಿರಿಯ ಚಾಲಕರ ಮಾತಿಗೆ ಇದೇ ಕಾರಣ.

ಇನ್ನು ಆಯ್ಕೆಯ ಮಾತು. ನಾರು ಮತ್ತು ರಾಳ ಕೂಡಿಸಿ ಮಾಡಿದ ಮೆತ್ತನೆಯ ಪ್ಯಾಡು ಸದ್ದಿಲ್ಲದೆ ಹಿಡಿಯುವದು, ಆದರೆ ಹೊರೆಯ ಕೆಳಗೆ ಬೇಗ ಸವೆಯುವದು. ಲೋಹದ ಎಳೆಗಳನ್ನು ಬೆರೆಸಿದ್ದು ಶಾಖವನ್ನು ತಾಳುವದು; ಸ್ವಲ್ಪ ಸದ್ದು ಮಾಡುವದು, ಡಿಸ್ಕನ್ನೂ ಸ್ವಲ್ಪ ಹೆಚ್ಚಾಗಿ ತಿನ್ನುವದು. ಸಿರಾಮಿಕ್ ಎಂಬುದು ಶಾಂತವೂ ಶುಚಿಯೂ ಆದದ್ದು, ಬೆಲೆ ಹೆಚ್ಚು. ಹೊರೆಗಾಡಿಗಿಂತ ಕಾರಿಗೆ ಒಪ್ಪುವದು. ನಾವು ಎರಡನೆಯದನ್ನು ಆರಿಸಿದೆವು. ಅತಿ ಅಗ್ಗದ ಪೆಟ್ಟಿಗೆಯೊಂದನ್ನು ಯಾರೋ ತೋರಿಸಿದರು. ಅದರ ಮೇಲೆ ಪ್ರಸಿದ್ಧ ಕಂಪನಿಯ ಹೆಸರೇ ಒಂದಕ್ಷರದ ವ್ಯತ್ಯಾಸದಿಂದ ಅಚ್ಚಾಗಿದ್ದಿತು! ಅದನ್ನು ಬಿಟ್ಟು, ಗಾಡಿಗೆ ನಿಗದಿಯಾದ ಬಿಡಿಭಾಗದ ಅಂಕೆಯನ್ನು ತಾಳೆ ನೋಡಿ ಹುಬ್ಬಳ್ಳಿಯಿಂದ ತರಿಸುವದೆಂದು ನಿಶ್ಚಯಿಸಿದೆವು.

ತೊಡಕು ಬಂದದ್ದು ಡಿಸ್ಕಿನಲ್ಲಿ. ಲೇತಿನ ಮೇಲೆ ಗೆರೆಗಳನ್ನು ಹೆರೆಸಿದರೆ ಸ್ವಲ್ಪದರಲ್ಲಿ ಮುಗಿಯುತ್ತಿದ್ದಿತು. ಆದರೆ ಡಿಸ್ಕಿನ ಮೇಲೆ ಕನಿಷ್ಠ ದಪ್ಪದ ಅಂಕೆಯನ್ನು ಒತ್ತಿರುತ್ತಾರೆ. ಮೇಸ್ತ್ರಿಯವರು ಅಳೆದು ನೋಡಿದರು. ಹೆರೆಯುವ ಮೊದಲೇ ನಮ್ಮದು ಅದಕ್ಕಿಂತ ಅರ್ಧ ಮಿಲಿಮೀಟರು ಕಡಿಮೆಯಾಗಿದ್ದಿತು. ತೆಳುವಾದ ತಟ್ಟೆಯು ಶಾಖವನ್ನು ತಾಳದೆ ಬಿರಿಯಬಹುದು. ಬದಲಿಸುವದಾದರೆ ಎರಡೂ ಮುಂಗಾಲಿಗಳದನ್ನು ಕೂಡಿಯೇ ಬದಲಿಸಬೇಕು. ಇಲ್ಲವಾದರೆ ಗಾಡಿಯು ಒಂದೇ ಪಕ್ಕಕ್ಕೆ ಎಳೆಯುವದು. ಅಷ್ಟು ಹಣವು ಮನೆಯಲ್ಲಿ ಇದ್ದದ್ದು ಒಂದೇ ಕಡೆ: ನರಗುಂದಕ್ಕೆ ಕೊಟ್ಟ ತಮ್ಮನ ಮಗಳಿಗೆ ಪಂಚಮಿಯ ಇಳಕಲ್ಲ ಸೀರೆಗೆಂದು ಅವಳ ತಾಯಿಯು ಕೂಡಿಟ್ಟ ಗಂಟಿನಲ್ಲಿ.

ಹೆಣ್ಣುಮಕ್ಕಳ ಹಬ್ಬದ ಹಣಕ್ಕೆ ಕೈಹಾಕುವ ಮಾತನ್ನು ಆಡುವರಾರು? ಪಡಸಾಲೆಯಲ್ಲಿ ನಾವು ಮೂವರು ಗಂಡಸರು ಲೇತಿನ ಕೆಲಸವೇ ಸಾಕೆಂದು ಒಬ್ಬರನ್ನೊಬ್ಬರು ಸಮಾಧಾನಪಡಿಸುತ್ತ ಕುಳಿತಿದ್ದೆವು. ಅಷ್ಟರಲ್ಲಿ, ನನ್ನೆದುರು ಎಂದೂ ದನಿಯೆತ್ತದ ತಮ್ಮನ ಹೆಂಡತಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಸೀರಿ ಮುಂದಿನ ವರ್ಷಾನೂ ಸಿಗತೈತ್ರಿ. ಅದನ್ನ ಉಡಾಕಿ ಬರೂದು ಇದ ಗಾಡ್ಯಾಗ ಅಲ್ಲೇನ್ರಿ?” ಎಂದಳು. ಗಂಟನ್ನು ತಂದು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಆ ಮೇಲೆ ಚರ್ಚೆಗೆ ಅವಕಾಶವಿರಲಿಲ್ಲ.

ಹೊಸ ಡಿಸ್ಕುಗಳಿಗೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯನ್ನು ಪೂರ್ಣವಾಗಿ ಒರಸಿ ಜೋಡಿಸಿದರು. ಹಳೆಯ ಬ್ರೇಕ್ ಆಯಿಲನ್ನೂ ಬದಲಿಸಿದರು, ಯಾಕಂದರೆ ಅದು ಕಾಲಕ್ರಮದಲ್ಲಿ ನೀರಿನ ಅಂಶವನ್ನು ಹೀರಿಕೊಂಡು, ಕಾದಾಗ ಕುದಿದು ಕೈಕೊಡುವದುಂಟು. ಹಿಂದಿನ ಡ್ರಮ್ಮುಗಳನ್ನೂ ಬಿಚ್ಚಿ ನೋಡಿದರು. ಹೊರಡುವ ಮೊದಲು ನಿಂತಲ್ಲಿಯೇ ಪೆಡಲನ್ನು ಹಲವು ಸಲ ತುಳಿದು ಗಟ್ಟಿಯಾಗುವದನ್ನು ನೋಡಬೇಕೆಂದೂ, ಪ್ಯಾಡು ಡಿಸ್ಕುಗಳು ಒಂದಕ್ಕೊಂದು ಹೊಂದುವವರೆಗೆ, ಕೆಲವು ನೂರು ಕಿಲೋಮೀಟರು, ಬಲವಾಗಿ ತುಳಿಯದೆ ಮೆಲ್ಲಗೆ ನಿಲ್ಲಿಸುತ್ತ ಓಡಿಸಬೇಕೆಂದೂ ಹೇಳಿ ಕಳಿಸಿದರು.

ಪಂಚಮಿಗೆ ಮಗಳು ಬಂದಳು. ಅವಳಿಗೆ ಆ ವರ್ಷ ಸಿಕ್ಕದ್ದು ಗುಳೇದಗುಡ್ಡದ ಒಂದು ಖಣ ಮಾತ್ರ. ಕಾರಣವನ್ನು ಕೇಳಿ ನಕ್ಕು, ಎಳ್ಳುಂಡಿಯನ್ನು ಮೊದಲು ಅಣ್ಣನ ಕೈಗೆ ಕೊಟ್ಟಳು.

ಕೆಲವು ದಿನಗಳ ಮೇಲೆ ಅದೇ ಇಳಿಜಾರಿನಲ್ಲಿ ಅದೇ ಬಾಲಕನು ಅದೇ ಹಿಂಡಿನೊಡನೆ ಎದುರಾದನು. ಹುಡುಗನು ಎರಡನೆಯ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದನು. ದೂರದಿಂದಲೇ ಗಾಡಿಯನ್ನು ನಿಲ್ಲಿಸಿದನು. ಬಾಲಕನು ಆಗಲೂ ನಮ್ಮನ್ನು ನೋಡಲಿಲ್ಲ. ಹಾಗೆ ನಿಶ್ಚಿಂತನಾಗಿ ರಸ್ತೆಯನ್ನು ದಾಟುವದು ಅವನ ಹಕ್ಕು. ಆ ನಿಶ್ಚಿಂತೆಗೆ ಬೆಲೆಯನ್ನು ತೆರಬೇಕಾದವರು ಗಾಡಿಯಲ್ಲಿ ಕುಳಿತ ನಾವು.