ಹಿಂಭಾರ

ನಮ್ಮ ಟ್ರೇಲರಿನ ಬಾಗಿಲ ಒಳಮೈಗೆ ಹಳದಿ ಚೀಟಿಯೊಂದನ್ನು ಅಂಟಿಸಿದ್ದಾರೆ. ಒಳಗೆ ಹೇರುವ ಸಾಮಾನಿನ ತೂಕ 295 ಕಿಲೋ ದಾಟಬಾರದು ಅಂತ ಅದರಲ್ಲಿ ಬರೆದಿದೆ. ಎರಡು ವರ್ಷ ಆ ಬಾಗಿಲು ತೆಗೆದು ಹಾಕಿ ಮಾಡಿದ್ದೇವೆ, ಚೀಟಿ ಮಾತ್ರ ಓದಿರಲಿಲ್ಲ.

ಟ್ರಾವೆಲ್ ಟ್ರೇಲರ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಅಮೆರಿಕದಲ್ಲಿ ಇದು ಮಾಮೂಲು. ಮಿನಿಯಾಪೊಲಿಸಿನಲ್ಲಿರುವ ನಾವಿಬ್ಬರು ಕೊಂಡಿದ್ದು ಸಣ್ಣದು, ಒಂದೇ ಅಚ್ಚಿನದು, ಸೆಕೆಂಡ್ ಹ್ಯಾಂಡ್. ಮುಂದೆ ಮಂಚ, ಹಿಂದೆ ಒಲೆ, ನಡುವೆ ಮಡಚಿದರೆ ಮಂಚವಾಗುವ ಮೇಜು. ಇಬ್ಬರಿಗೆ ಧಾರಾಳವಾಗಿತ್ತು. ಆಮೇಲೆ ಮಂಡ್ಯದಿಂದ ಅಪ್ಪ ಅವ್ವ ಬಂದರು. ನಾಲ್ಕು ಜನರ ಬಟ್ಟೆ, ಹಾಸಿಗೆ, ಮಡಚುವ ಕುರ್ಚಿ, ಅಕ್ಕಿ ಮೂಟೆ, ಕುಕ್ಕರು, ಇಡ್ಲಿ ಪಾತ್ರೆ, ಇದರ ಮೇಲೆ ಅವ್ವನ ಟೇಬಲ್‌ಟಾಪ್ ಗ್ರೈಂಡರು. ಹೋಗುವುದು ಸೌತ್ ಡಕೋಟದ ಬ್ಯಾಡ್‌ಲ್ಯಾಂಡ್ಸ್‌ಗೆ. ಅಲ್ಲಿ ಯಾಕವ್ವ ದೋಸೆ ಅಂದರೆ, ಕಲ್ಲುಗುಡ್ಡ ನೋಡಿದರೆ ಹೊಟ್ಟೆ ತುಂಬುತ್ತಾ ಅಂದಳು.

ಜಾಗ ಸಾಲಲಿಲ್ಲ. ಹಿಂದಿನ ಬಂಪರಿಗೆ ಅಲ್ಯುಮಿನಿಯಂ ಡಬ್ಬ ಕಟ್ಟಿಸಿದೆವು. ಚೌಕಟ್ಟು ಸೇರಿ ಖಾಲಿ ಡಬ್ಬವೇ 32 ಕಿಲೋ. ಅದರೊಳಗೆ 45 ಕಿಲೋ ತುಂಬಿದೆವು. ಕಟ್ಟಿಕೊಟ್ಟವನು ಎಷ್ಟು ತೂಕ ಹಾಕುತ್ತೀರಿ ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ಅಪ್ಪ ಟ್ರೇಲರಿನ ಸುತ್ತ ಒಂದು ಸುತ್ತು ಬಂದ. ಡಬ್ಬದ ಮೇಲೆ ಕೈಯೂರಿ ಅಲ್ಲಾಡಿಸಿದ. "ಹಿಂಭಾರ ಆಗೈತೆ ಕಣ್ಲಾ" ಅಂದ. ಫ್ಯಾಕ್ಟರಿಗೆ ಗಾಡಿಯಲ್ಲಿ ಕಬ್ಬು ಹೊಡೆದವನು ಅವನು. ಎತ್ತಿನ ಗಾಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಹೆಗಲು ಬಿಟ್ಟು ಕೊರಳ ಹಗ್ಗ ಎತ್ತಿನ ಗಂಟಲು ಒತ್ತುತ್ತದೆ. ಮುಂದೆ ಹೆಚ್ಚಾದರೆ ಎತ್ತು ಹೆಗಲಲ್ಲಿ ಹೊತ್ತು ಸಾಯಬೇಕು. ನಮಗೆ ಇದೆಲ್ಲ ಗೊತ್ತಿತ್ತು. ಆದರೂ "ಅಪ್ಪ, ಇಲ್ಲಿ ಎತ್ತಿಲ್ಲ, ಕಬ್ಬಿಣದ ಕೊಂಡಿ ಇದೆ" ಅಂದೆವು. ಅವನು ಸುಮ್ಮನೆ ಕಾರು ಹತ್ತಿದ.

ಆಲ್ಬರ್ಟ್ ಲೀ ದಾಟಿ ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟೆವು. ಆ ಕಡೆ ಬಯಲು, ಗಾಳಿಯಂತ್ರಗಳ ಸಾಲು. ಗಾಳಿಯಂತ್ರ ಇದೆ ಅಂದ ಮೇಲೆ ಗಾಳಿಯೂ ಇರುತ್ತದಲ್ಲ. ಗಂಟೆಗೆ 65 ಮೈಲಿಯಲ್ಲಿ ಇಳಿಜಾರು ಇಳಿಯುವಾಗ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಟ್ರೇಲರ್ ಒಮ್ಮೆ ಎಡಕ್ಕೆ ಹೊಯ್ದಿತು, ಆಮೇಲೆ ಬಲಕ್ಕೆ ಇನ್ನೂ ಜಾಸ್ತಿ, ಮತ್ತೆ ಎಡಕ್ಕೆ. ಕಾರಿನ ಹಿಂಭಾಗವನ್ನೇ ಎಳೆದಾಡತೊಡಗಿತು. ಕನ್ನಡಿಯಲ್ಲಿ ಟ್ರೇಲರಿನ ಒಂದು ಪಕ್ಕ ಪೂರ್ತಿ ಕಾಣಿಸಿತು. ಹಿಂದಿನ ಸೀಟಿನಿಂದ ಅವ್ವ "ಸಿವನೇ" ಅಂದಿದ್ದು ಬಿಟ್ಟರೆ ಯಾರ ಬಾಯಲ್ಲೂ ಮಾತಿಲ್ಲ.

ಆಗ ಕಾಲಿನ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತಬೇಕು. ನಾವು ಮೊದಲು ಕಾಲಿನದನ್ನೇ ಒತ್ತಿದೆವು, ತೂಗಾಟ ಜಾಸ್ತಿಯಾಯಿತು. ಆಮೇಲೆ ಕೈಯದು ನೆನಪಾಯಿತು. ರಸ್ತೆ ಬದಿಗೆ ನಿಂತ ಮೇಲೂ ಕೈ ನಡುಗುತ್ತಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಿಧಾನವಾಗಿ ಸೂ ಫಾಲ್ಸ್ ಸೇರಿ, ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಹತ್ತಿಸಿದೆವು. ಅಪ್ಪನಿಗೆ ವೇಬ್ರಿಡ್ಜ್ ಕಂಡರೆ ಮೊದಲಿನಿಂದಲೂ ಗುಮಾನಿ. ಇವತ್ತು ಮಾತ್ರ "ಇಲ್ಲಿ ಕೊಳ್ಳೋರೂ ಇಲ್ಲ, ಮಾರೋರೂ ಇಲ್ಲ, ತೂಕ ಸರೀಗೇ ಬರ್ತದೆ" ಅಂದ. ಕಾರನ್ನು ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿದೆವು. ಟ್ರೇಲರಿನ ಒಟ್ಟು ತೂಕ 1588 ಕಿಲೋ ಮೀರಬಾರದು, ಬಂದಿದ್ದು ಸುಮಾರು 1642. ಅದಕ್ಕಿಂತ ಕೆಟ್ಟದ್ದು ಕೊಂಡಿಯ ಮೇಲಿನ ಭಾರ, ಇಲ್ಲಿನವರು ಟಂಗ್ ವೇಟ್ ಅನ್ನುತ್ತಾರೆ. ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. ನಮ್ಮದು ಸುಮಾರು 109 ಕಿಲೋ, ಶೇಕಡಾ 7 ಕೂಡ ಇಲ್ಲ.

ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ಡಬ್ಬ ಅಚ್ಚಿನಿಂದ 8 ಅಡಿ ಹಿಂದೆ, ಕೊಂಡಿ 12 ಅಡಿ ಮುಂದೆ. ಏತದ ಲೆಕ್ಕವೇ ಇದು. ಡಬ್ಬದ 77 ಕಿಲೋವನ್ನು 8ರಿಂದ ಗುಣಿಸಿ 12ರಿಂದ ಭಾಗಿಸಿದರೆ 51. ಅಷ್ಟು ಭಾರವನ್ನು ಡಬ್ಬ ಕೊಂಡಿಯಿಂದ ಮೇಲೆತ್ತಿಬಿಟ್ಟಿತ್ತು. ಜಾಗ ಹೆಚ್ಚಾಗಲಿ ಅಂತ ಕಟ್ಟಿಸಿದ ಡಬ್ಬ, ಹೊರಬಹುದಾಗಿದ್ದ 295 ಕಿಲೋದಲ್ಲಿ ತನ್ನದೇ 32 ಕಿಲೋ ತಿಂದಿತ್ತು. ಗಾತ್ರದಲ್ಲಿ ಜಾಗವಿದ್ದರೆ ತೂಕಕ್ಕೂ ಜಾಗವಿದೆ ಅಂತ ನಾವು ಅಂದುಕೊಂಡಿದ್ದೆವು.

ಹಾಗಾದರೆ ಎಲ್ಲವನ್ನೂ ಮುಂದಕ್ಕೆ ಹಾಕೋಣ ಅಂದರೆ ಅದಕ್ಕೂ ಮಿತಿ. ನಮ್ಮ ಕಾರಿನ ಕೊಂಡಿ ತಡೆಯುವುದು 159 ಕಿಲೋ ಮಾತ್ರ. ಕಾರಿನೊಳಗೆ ತುಂಬೋಣವೆಂದರೆ ನಾಲ್ಕು ಜನರ ತೂಕ ಆಗಲೇ ಅಲ್ಲಿ ಕೂತಿದೆ. ಮೊದಲು ನೀರಿನ ಟ್ಯಾಂಕ್ ಖಾಲಿ ಮಾಡಿದೆವು, ಅದೇ 76 ಕಿಲೋ. ನೀರು ಕ್ಯಾಂಪಿನಲ್ಲಿ ಸಿಗುತ್ತದೆ, ಮನೆಯಿಂದ ಹೊತ್ತುಕೊಂಡು ಬಂದಿದ್ದು ಯಾಕೋ. ಟ್ಯಾಂಕ್ ಅಚ್ಚಿನ ಮೇಲೇ ಇದ್ದುದರಿಂದ ಕೊಂಡಿಯ ಭಾರ ಬದಲಾಗಲಿಲ್ಲ. ಡಬ್ಬದ 45 ಕಿಲೋ ಸಾಮಾನನ್ನು ಒಳಗೆ ತಂದು ಅಚ್ಚಿನಿಂದ 4 ಅಡಿ ಮುಂದೆ ಇಟ್ಟೆವು. ಕಾಗದದ ಮೇಲೆ ಕೊಂಡಿಯ ಭಾರ 154 ಆಯಿತು. ಬೇಕಿದ್ದದ್ದು ಕನಿಷ್ಠ 157, ಮೀರಬಾರದ್ದು 159. ನಡುವೆ ಎರಡೇ ಕಿಲೋ ಸಂದು.

ಅಪ್ಪ ಒಳಗೆ ಹೋಗಿ ಹಿಂದಿದ್ದ ಗ್ರೈಂಡರನ್ನು ಮೂರಡಿ ಮುಂದಕ್ಕೆ ತಳ್ಳಿದ. ಅದು 12 ಕಿಲೋ. ಲೆಕ್ಕ 157ಕ್ಕೆ ಬಂತು.

"ಮನೇಲೇ ಬುಟ್ಟು ಬಾ ಅಂತಿದ್ರಲ್ಲ" ಅಂದಳು ಅವ್ವ.

ಮುಂದಿನ ದಾರಿಯಲ್ಲಿ 55 ಮೈಲಿ ದಾಟಲಿಲ್ಲ. ಗಾಳಿ ಬೀಸಿದಾಗಲೆಲ್ಲ ನಾಲ್ವರೂ ಕನ್ನಡಿ ನೋಡುತ್ತಿದ್ದೆವು. ವಾಪಸು ಬಂದು ಡಬ್ಬ ಬಿಚ್ಚಿದಾಗ ಬಂಪರಿನ ವೆಲ್ಡಿಂಗ್ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ತೆಳು ಚೌಕ ಕೊಳವೆ ಅಷ್ಟು ಭಾರಕ್ಕಾಗಿ ಮಾಡಿದ್ದಲ್ಲ.

ಡಬ್ಬ ಈಗ ಗರಾಜಿನ ಹಿಂದೆ ಇದೆ. ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ ಅವ್ವ ಮೆಂತ್ಯ ಹಾಕಿ ಹೋಗಿದ್ದಾಳೆ. ಈಗ ಅದರ ತೂಕ ಎಷ್ಟಿದೆಯೋ, ನೋಡಿಲ್ಲ.