ಗುಮಾಸ್ತರ ಪೆನ್ಸಿಲ್ಲು

ವಕೀಲರು ಬಾಯಿಂದ ಕೇಸು ಗೆಲ್ಲುತ್ತಾರೆ ಅಂತ ನಂಬಿದವರು ಒಮ್ಮೆ ಚೆನ್ನೈನ ತಂಬುಚೆಟ್ಟಿ ಬೀದಿಗೆ ಹೋಗಿಬರಬೇಕು. ಹೈಕೋರ್ಟಿನ ಎದುರಿಗೇ ಇದೆ. ಆ ಹೈಕೋರ್ಟೋ, 1892ರ ಕೆಂಪು ಕಟ್ಟಡ. ಗುಮ್ಮಟದ ಮೇಲೆ ಒಂದು ಕಾಲಕ್ಕೆ ದೀಪಸ್ತಂಭವೂ ಇತ್ತು! ಕೆಳಗೆ ವಕೀಲರ ವಾದ, ಮೇಲೆ ಹಡಗುಗಳಿಗೆ ದೀಪ. ಎರಡರಲ್ಲಿ ದಾರಿ ತೋರಿಸಿದ್ದು ಯಾವುದು ಅಂತ ನಾನು ಹೇಳಲಾರೆ, ನ್ಯಾಯಾಂಗ ನಿಂದನೆ ಆದೀತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ನೌಕೆ ಹಾರಿಸಿದ ಗುಂಡು ಇದೇ ಆವರಣಕ್ಕೂ ತಗುಲಿತಂತೆ, ಫಲಕ ಹಾಕಿದ್ದಾರೆ. ಅದಿರಲಿ, ಎಲ್ಲಿದ್ದೆ? ಹಾಂ, ತಂಬುಚೆಟ್ಟಿ ಬೀದಿ.

ಅಲ್ಲಿನ ವಕೀಲರ ಆಫೀಸುಗಳಲ್ಲಿ ನಿಜವಾದ ಯಜಮಾನ ಗುಮಾಸ್ತ. ಕಕ್ಷಿದಾರ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರಿಯುತ್ತಾನೆ: ಕ್ರಯಪತ್ರ, ಪಟ್ಟಾ, ಕಂದಾಯದ ರಸೀದಿ, ನೋಟೀಸು, ಅಂಚೆಯ ಗುಲಾಬಿ ಸ್ವೀಕೃತಿ ಕಾರ್ಡು, ನಡುವೆ ಒಂದು ಮದುವೆ ಕರೆಯೋಲೆ. ಗುಮಾಸ್ತರು ಮಾತಾಡದೆ ತಾರೀಖಿನ ಪ್ರಕಾರ ಜೋಡಿಸಿ, ತೂತು ಹೊಡೆದು, ಟ್ಯಾಗ್ ಪೋಣಿಸುತ್ತಾರೆ. ಪುಟಸಂಖ್ಯೆ ಮಾತ್ರ ಪೆನ್ಸಿಲ್ಲಿನಲ್ಲಿ. ಯಾಕೆ ಗೊತ್ತೇ? ಪೆನ್ನಿನಲ್ಲಿ ಬರೆದ ಮರುದಿನವೇ ಕಕ್ಷಿದಾರ ಹಲ್ಲುಕಿರಿದು 43ಕ್ಕೂ 44ಕ್ಕೂ ನಡುವೆ ಸೇರಬೇಕಾದ ಹಾಳೆ ತಂದೇ ತರುತ್ತಾನೆ! ಮದುವೆ ಕರೆಯೋಲೆಯನ್ನೂ ಅವರು ಎಸೆಯುವುದಿಲ್ಲ. ಪಾಲಿನ ದಾವೆಯಲ್ಲಿ ಅಣ್ಣ ಯಾವಾಗ ಬೇರೆ ಮನೆ ಮಾಡಿದ ಅನ್ನುವುದಕ್ಕೆ ಅದೇ ಸಾಕ್ಷಿ ಆದರೂ ಆದೀತು.

ಅಲ್ಲಿ ವಾದಿಯ ದಾಖಲೆಗಳಿಗೆ ಎ-1, ಎ-2, ಪ್ರತಿವಾದಿಯವಕ್ಕೆ ಬಿ. ನಮ್ಮ ಬೆಂಗಳೂರಲ್ಲಿ ಪಿ ಮತ್ತು ಡಿ. ಊರು ಬದಲಾದರೆ ಅಕ್ಷರವೂ ಬದಲು, ಜಗಳ ಅದೇ.

ಬೆಂಗಳೂರು ಅಂದಾಗ ನೆನಪಾಯಿತು. ಜಯಲಲಿತಾ ಅವರ ಆಸ್ತಿ ಕೇಸನ್ನು ಸುಪ್ರೀಂ ಕೋರ್ಟು 2003ರಲ್ಲಿ ಚೆನ್ನೈನಿಂದ ನಮ್ಮೂರಿಗೆ ಕಳಿಸಿತಲ್ಲ, ಕಡತವೆಲ್ಲ ಹೊಸೂರು ದಾಟಿ ಬರಬೇಕಾಯಿತು. ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಗಳೇ 259, ಡಿಫೆನ್ಸಿನವರು 99. ತಮಿಳಿನ ಹೇಳಿಕೆಗಳು ಇಂಗ್ಲಿಷಿಗೂ ಆಗಬೇಕು. ವಿಶೇಷ ಸರ್ಕಾರಿ ವಕೀಲರಾಗಿದ್ದ ಬಿ.ವಿ. ಆಚಾರ್ಯರು ಎಷ್ಟು ಹಾಳೆ ಮಗುಚಿದರೋ! 2014ರಲ್ಲಿ ಶಿಕ್ಷೆ, 2015ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಖುಲಾಸೆ. ಆ ಖುಲಾಸೆಯ ತೀರ್ಪಿನ ಸಾಲದ ಪಟ್ಟಿಯಲ್ಲಿ ಒಟ್ಟು ಮೊತ್ತ 24.17 ಕೋಟಿ ಅಂತಿತ್ತು. ಸಾಲುಸಾಲಾಗಿ ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ಎಲ್ಲಿಂದ ಬಂತು? 2017ರಲ್ಲಿ ಸುಪ್ರೀಂ ಕೋರ್ಟು ಖುಲಾಸೆಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಮುಖ್ಯ ಆರೋಪಿಯೇ ತೀರಿಕೊಂಡಿದ್ದರು. ನನಗೇನೋ ನಮ್ಮ ಗುಮಾಸ್ತರಾಗಿದ್ದರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕೂಡಿ ನೋಡುತ್ತಿದ್ದರು ಅನಿಸುತ್ತದೆ.

ಈಗ ಎಲ್ಲಾ ಇ-ಫೈಲಿಂಗ್, ಸ್ಕ್ಯಾನು. ಹಾಳೆ ತಲೆಕೆಳಗಾದರೆ ಪರದೆಯಲ್ಲೂ ತಲೆಕೆಳಗೇ, ಅಷ್ಟೇ ವ್ಯತ್ಯಾಸ.

ಅಂದಹಾಗೆ ನಿಮ್ಮ ಮನೆ ಪತ್ರ ಎಲ್ಲಿದೆ? ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, 'ಮುಖ್ಯ' ಅಂತ ಬರೆದ ಕವರಿನಲ್ಲಿ ತಾನೇ? ತೆರೆದು ನೋಡಿ. ಒಳಗಿರುವುದು ಗ್ಯಾಸ್ ಪುಸ್ತಕ.