ಜಂಘಾಬಲ

ನಮ್ಮ ಮನೆತನದಲ್ಲಿ ಓಡಿದವರು ಯಾರೂ ಇಲ್ಲ. ತಂದೆಯವರಂತೂ ರೈಲಿಗಾಗಿ ಕೂಡ ಓಡಿದವರಲ್ಲ. ಆರೂವರೆಯ ಗಾಡಿಗೆ ಐದಕ್ಕೇ ನಿಲ್ದಾಣ ಸೇರಿ, ಚೀಲವನ್ನು ಕಾಲಬಳಿ ಇಟ್ಟುಕೊಂಡು, ಪತ್ರಿಕೆಯ ಜಾಹೀರಾತುಗಳನ್ನೂ ಬಿಡದೆ ಓದಿ ಮುಗಿಸುತ್ತಿದ್ದರು. ಅಂಥವರ ಮಗನಾದ ನಾನು 36ನೆಯ ವಯಸ್ಸಿನಲ್ಲಿ ಚಡ್ಡಿ ತೊಟ್ಟು, ಬೆಳಗಿನ ಐದೂವರೆಗೆ ಮೈಸೂರಿನ ಸರಸ್ವತೀಪುರಂ ಬೀದಿಗಳಲ್ಲಿ ಓಡತೊಡಗಿದಾಗ, ಎದುರುಮನೆಯ ರಾಯರು ಗಾಬರಿಯಿಂದ ಗೇಟಿನವರೆಗೆ ಬಂದು “ಏನಾಯಿತು ಮೇಷ್ಟ್ರೆ? ಮನೆಯಲ್ಲಿ ಎಲ್ಲ ಕ್ಷೇಮವಷ್ಟೆ?” ಎಂದು ಕೇಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಗಿದ್ದುದು ಇಷ್ಟೆ. ಕಾಲೇಜಿನಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ, ಹಸಿದ ಹೊಟ್ಟೆಯ ನನ್ನ ರಕ್ತದ ಸಕ್ಕರೆ 112 ಎಂದು ಬಂದಿತು. 100ರ ಒಳಗಿದ್ದರೆ ನಿಶ್ಚಿಂತೆ, 126 ಮುಟ್ಟಿದರೆ ಮಧುಮೇಹ, ನೀವು ಹೊಸ್ತಿಲಿನ ಮೇಲೆ ನಿಂತಿದ್ದೀರಿ ಎಂದರು ವೈದ್ಯರು. ಹೊಸ್ತಿಲಿನ ಮೇಲೆ ನಿಲ್ಲಬಾರದೆಂದು ನಮ್ಮ ತಾಯಿ ನನಗೆ ಬಾಲ್ಯದಿಂದಲೂ ಹೇಳುತ್ತ ಬಂದಿದ್ದಾರೆ. ತಂದೆಯವರು 54ಕ್ಕೇ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಸಕ್ಕರೆಯ ಕಾಯಿಲೆಯಿತ್ತೆಂಬುದು ನಮಗೆ ತಿಳಿದದ್ದೇ ಆಸ್ಪತ್ರೆಯ ಚೀಟಿಯಿಂದ. 36ರಿಂದ 54ಕ್ಕೆ ಹದಿನೆಂಟು ವರ್ಷ. ಮಗಳಿಗೆ ಈಗ ಒಂಬತ್ತು. ಈ ಲೆಕ್ಕವನ್ನು ಯಾರಿಗೂ ಹೇಳದೆ ನಾನು ಓಡತೊಡಗಿದೆ.

ಕುಕ್ಕರಹಳ್ಳಿ ಕೆರೆಯ ದಂಡೆ ನಮ್ಮ ಮನೆಗೆ ಹತ್ತಿರ. ಕುವೆಂಪು ಅವರು ಅಲ್ಲಿ ನಡೆದಾಡಿ ಕವಿತೆಗಳನ್ನು ತಂದರು. ನಾನು ಓಡಿ ತಂದದ್ದು ಕಾಲುನೋವನ್ನು. ಆದರೆ ಮೊದಮೊದಲು ಎಲ್ಲವೂ ಉತ್ಸಾಹಕರವಾಗಿಯೇ ಇದ್ದಿತು. ಮೊದಲ ವಾರ ನಾಲ್ಕು ವಿದ್ಯುತ್ ಕಂಬ ದಾಟುವುದರೊಳಗೆ ಏದುಸಿರು ಬಿಡುತ್ತಿದ್ದವನು, ನಾಲ್ಕನೆಯ ವಾರ ಮೂರು ಕಿಲೋಮೀಟರು ಓಡಿದೆ. ಐದನೆಯ ವಾರ ಐದು. ಅಷ್ಟರಲ್ಲಿ ಜೂನ್ ಮಳೆ ಹಿಡಿಯಿತು. ಒಂದು ದಿನ ತಪ್ಪಿದರೂ ಹದಿನೆಂಟು ವರ್ಷಗಳ ಗಂಟಿನಿಂದ ಏನೋ ಸೋರಿಹೋದಂತೆ ಕಳವಳಪಡುತ್ತಿದ್ದ ನಾನು, ಮಗಳ ಸ್ಕಿಪ್ಪಿಂಗ್ ಹಗ್ಗವನ್ನು ಸಾಲ ಪಡೆದು, ಕಾರು ನಿಲ್ಲಿಸುವ ಸಿಮೆಂಟಿನ ನೆಲದ ಮೇಲೆ (ಕಾರು ಇನ್ನೂ ಬರಬೇಕಾಗಿದೆ) ಬರಿಗಾಲಿನಲ್ಲಿ ಕುಣಿಯತೊಡಗಿದೆ. ಮಗಳು ಮೆಟ್ಟಿಲ ಮೇಲೆ ಕುಳಿತು ಎಣಿಸುವಳು. ಐವತ್ತು, ಇನ್ನೂರು, ಐನೂರು. ಮಳೆ ಬಿಡುವು ಕೊಟ್ಟ ದಿನ ಓಟವೂ ಉಂಟು, ಹಗ್ಗವೂ ಉಂಟು.

ನೋವು ಕಾಣಿಸಿಕೊಂಡದ್ದು ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳಗಿನ ಅಂಚಿನಲ್ಲಿ, ಹರಡಿನಿಂದ ಮೇಲಕ್ಕೆ ಸುಮಾರು ಒಂದು ಗೇಣು. ಅದರ ಕಪಟ ಎಂಥದೆಂದರೆ, ಓಟದ ಮೊದಲ ಹತ್ತು ನಿಮಿಷ ನೋಯುವುದು. ಮೈ ಬೆಚ್ಚಗಾದೊಡನೆ ಮಾಯವಾಗುವುದು. ಹೋಯಿತೆಂದು ನಾನು ಹಿಗ್ಗುತ್ತಿದ್ದೆ. ಸ್ನಾನ ಮುಗಿಸಿ ಕಾಲೇಜಿಗೆ ಹೊರಡುವ ವೇಳೆಗೆ ಮತ್ತೆ ಹಾಜರು! ಮೂರು ವಾರ ಯಾರಿಗೂ ಹೇಳಲಿಲ್ಲ. ಎರಡು ಬಾರಿ ನೋವಿನ ಮಾತ್ರೆ ನುಂಗಿ ಓಡಿದೆ. ಈ ಮೂರ್ಖತನವನ್ನು ವಾಚಕರೆದುರು ಒಪ್ಪಿಕೊಂಡುಬಿಡುವುದೇ ಒಳ್ಳೆಯದು. ಕೊನೆಗೊಂದು ದಿನ ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುತ್ತ, ಭೀಮನು ದುರ್ಯೋಧನನ ತೊಡೆ ಮುರಿಯುವ ಸಂದರ್ಭಕ್ಕೆ ಬಂದಾಗ, ಹತ್ತು ವರ್ಷಗಳ ಅಧ್ಯಾಪನದಲ್ಲಿ ಒಮ್ಮೆಯೂ ತರಗತಿಯಲ್ಲಿ ಕೂರದಿದ್ದ ನಾನು ಕುರ್ಚಿ ಎಳೆದು ಕುಳಿತುಬಿಟ್ಟೆ. ಮೇಷ್ಟ್ರಿಗೆ ರಸಾವೇಶವಾಯಿತೆಂದು ಹುಡುಗರು ಭಾವಿಸಿದಂತೆ ತೋರಿತು, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ “ಸರ್, ನೀರು ತರಲೆ?” ಎಂದಳು.

ಮನೆಯಲ್ಲಿ ಅಂದೇ ಗುಟ್ಟು ಬಯಲಾಯಿತು. “ಇದೇನ್ರೀ, ಏಡಿ ಹಾಗೆ ಅಡ್ಡಡ್ಡಲಾಗಿ ಮೆಟ್ಟಿಲು ಇಳೀತಿದ್ದೀರಿ?” ಎಂದು ಕೇಳಿದ ನನ್ನಾಕೆ, ಉತ್ತರಕ್ಕೆ ಕಾಯದೆ ಮೂಳೆಯ ವೈದ್ಯರಲ್ಲಿಗೆ ಹೊರಡಿಸಿದಳು.

ವೈದ್ಯರು ಹೆಬ್ಬೆರಳಿನಿಂದ ಎಲುಬಿನ ಅಂಚನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಬಂದರು. ನೋವು ಗೇಣುದ್ದಕ್ಕೂ ಹರಡಿದೆಯೆ, ಅಥವಾ ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದಂತಾಗುತ್ತದೆಯೆ? ರಾತ್ರಿ ಮಲಗಿದಾಗಲೂ ಉಂಟೆ? ಒಂದೇ ಬಿಂದುವಿನಲ್ಲಿ, ಅದೂ ಸುಮ್ಮನಿರುವಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದಂತೆ. ಆರಂಭದಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಎಂ.ಆರ್.ಐ. ಬೇಕಾಗುತ್ತದೆ. ನನ್ನದು ಅಷ್ಟು ದೂರ ಹೋಗಿರಲಿಲ್ಲ. ಓಟಗಾರರು ‘ಶಿನ್ ಸ್ಪ್ಲಿಂಟ್ಸ್’ ಎಂದು ಕರೆಯುವ ಬೇನೆ ಅದು. ಹೊಸ ಓಟಗಾರರನ್ನೂ ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನೂ ವಿಶೇಷವಾಗಿ ಹಿಡಿಯುತ್ತದೆ.

“ಓಡುವಾಗ ಪ್ರತಿ ಹೆಜ್ಜೆಗೂ ನಿಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತೆ ಮೇಷ್ಟ್ರೆ. ಮೂಳೆ ಅದಕ್ಕೆ ತಕ್ಕಂತೆ ಗಟ್ಟಿಯಾಗುತ್ತೆ, ನಿಜ. ಆದರೆ ಮೊದಲು ಹಳೆಯದನ್ನು ಕೆಡವುತ್ತೆ, ಆಮೇಲೆ ಹೊಸದನ್ನು ಕಟ್ಟುತ್ತೆ. ಕೆಡವೋದಕ್ಕೆ ವಾರಗಳು ಸಾಕು, ಕಟ್ಟೋದಕ್ಕೆ ತಿಂಗಳುಗಳು ಬೇಕು. ನೀವು ಗೋಡೆ ಏಳೋ ಮುಂಚೆ ಮಹಡಿ ಹಾಕೋಕೆ ಹೊರಟಿರಿ.”

ಐದು ವಾರಗಳಲ್ಲಿ ಉಸಿರು ಪಳಗಿತ್ತು, ಮೂಳೆ ಪಳಗಿರಲಿಲ್ಲ. ಉಸಿರಿನ ಮಾತು ಕೇಳಿ ನಾನು ಕೆಟ್ಟಿದ್ದೆ.

ಚೀಟಿ ಬರೆಯುತ್ತ ಅವರು, “ನೀವು ಕನ್ನಡದ ಪಂಡಿತರು. ಈ ಜಾಗಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದರು. ನಾನು ತಡವರಿಸಿ “ಕಣಕಾಲು” ಎಂದೆ. ಮನೆಗೆ ಬಂದು ನಿಘಂಟು ತೆರೆದರೆ ‘ಜಂಘೆ’ ಎಂದರೂ ಇದೇ! ‘ಜಂಘಾಬಲ ಉಡುಗಿತು’ ಎಂದು ಅದೆಷ್ಟೋ ಬಾರಿ ಬರೆದ, ಬರೆಸಿದ ನಾನು ಜಂಘೆಯೆಂದರೆ ತೊಡೆಯೆಂದೇ ತಿಳಿದಿದ್ದೆ. ವಿಶ್ವವಿದ್ಯಾನಿಲಯದವರು ಪದವಿಯನ್ನು ಹಿಂದಕ್ಕೆ ಕೇಳದಿದ್ದರೆ ಸಾಕು.

ಆ ರಾತ್ರಿ ತಾಯಿ ಹರಳೆಣ್ಣೆಯ ಬಟ್ಟಲು ಹಿಡಿದು ಬಂದು ನೆಲದ ಮೇಲೆ ಕುಳಿತರು. ವೈದ್ಯರು ಹೇಳಿದ್ದು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದಿನೈದು ನಿಮಿಷ. ಆದರೆ ತಾಯಿಯ ಎಣ್ಣೆಗೆ ಅಡ್ಡಿ ಹೇಳುವ ವೈದ್ಯಶಾಸ್ತ್ರ ಇನ್ನೂ ಹುಟ್ಟಿಲ್ಲ.

“ಎಷ್ಟು ದಿನದಿಂದ ನೋವು?” ಎಂದರು.

“ಮೂರು ವಾರ.”

ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿಮ್ಮಪ್ಪನೂ ಹೇಳಲಿಲ್ಲ ಕಣೋ. ಎದೆ ಉರಿ ಅಂತ ಎರಡು ದಿನ ಜೀರಿಗೆ ಕಷಾಯ ಮಾಡಿಸಿಕೊಂಡು ಕುಡಿದರು. ನೋವು ಅಂದಿದ್ದರೆ ನಾನು ಕಷಾಯ ಕುದಿಸ್ತಾ ಕೂತಿರ್ತಿದ್ದೆನೇನೋ?” ಎಂದರು.

ಹದಿಮೂರು ವರ್ಷಗಳಲ್ಲಿ ಅವರು ಆ ಮಾತನ್ನು ನನ್ನೆದುರು ಆಡಿರಲಿಲ್ಲ. ನಾನು ಯಾವ ಲೆಕ್ಕವಿಟ್ಟುಕೊಂಡು ಓಡುತ್ತಿದ್ದೆನೆಂಬುದು ಅವರಿಗೆ ಮೊದಲ ದಿನದಿಂದಲೇ ತಿಳಿದಿತ್ತೆಂದು ಅಂದು ನನಗೆ ಗೊತ್ತಾಯಿತು.

ಮುಂದಿನ ಏಳು ವಾರಗಳ ಕಥೆ ದೀರ್ಘವಲ್ಲ. ಓಟವನ್ನೂ ಹಗ್ಗವನ್ನೂ ಬಿಟ್ಟು ಸೈಕಲ್ಲು ತುಳಿದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸಿದೆ, ಮಂಡಿ ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ಇದು ಮೀನಖಂಡಕ್ಕೆ ಬಲ ಕೊಡಲು. ಅಡಿ ಸವೆದು ಒಂದು ಕಡೆಗೆ ವಾಲಿದ್ದ ಹಳೆಯ ಕ್ಯಾನ್ವಾಸ್ ಬೂಟು ಕಸಕ್ಕೆ ಹೋಯಿತು. ಒತ್ತಿದರೂ ನೋವಿಲ್ಲ, ಚುರುಕಾಗಿ ನಡೆದರೂ ನೋವಿಲ್ಲವೆಂದಾದ ಮೇಲೆ, ದಿನ ಬಿಟ್ಟು ದಿನ, ಕೆರೆಯ ಮಣ್ಣಿನ ಹಾದಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎಪ್ಪತ್ತು ದಾಟಿದ ಹಿರಿಯರು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಹೋಗುವಾಗ ನಮಸ್ಕಾರವನ್ನೂ ಮಾಡುತ್ತಾರೆ. ಸಕ್ಕರೆಯ ಮರುಪರೀಕ್ಷೆಯಲ್ಲಿ 104 ಬಂದಿದೆ. ಹೊಸ್ತಿಲು ಬಿಟ್ಟಿಲ್ಲ, ಒಂದು ಕಾಲು ಈಚೆಗೆ ಬಂದಿದೆ. ಹಗ್ಗವನ್ನು ಮಗಳು ವಾರಕ್ಕೊಮ್ಮೆ ಇಪ್ಪತ್ತು ಎಣಿಕೆಗೆ ಮಾತ್ರ ಕೊಡುತ್ತಾಳೆ, ಅದೂ ಬೂಟು ತೊಟ್ಟರೆ. ಇಪ್ಪತ್ತೊಂದಕ್ಕೆ ಕೈ ಚಾಚುತ್ತಾಳೆ.

ನಿನ್ನೆ ರಾತ್ರಿ ತಾಯಿ ಎಂದಿನಂತೆ ಬಂದು, ಆ ವೈದ್ಯರ ಹಾಗೆಯೇ ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿ, “ನೋವಿದೆಯೇನೋ?” ಎಂದರು. ಎಡಗಾಲಿನಲ್ಲಿ ತುಸು ಇತ್ತು.

“ಇದೆಯಮ್ಮ, ಸ್ವಲ್ಪ” ಎಂದೆ.

ಈ ಬೆಳಿಗ್ಗೆ ಓಡಲಿಲ್ಲ. ಕೆರೆಯ ದಂಡೆಯ ಮೇಲೆ ಅವರ ಜತೆಯಲ್ಲಿ ನಡೆದು ಬಂದೆ.